ಬೋರ್ ನೀರಿಗೆ ಎರಡನೇ ಗೀಸರೂ ಹೋಯ್ತು, ಸಾಫ್ಟ್‌ನರ್ ಹಾಕಿಸ್ಲಾ ಬೇಡ್ವಾ?

ತೀರ್ಥಳ್ಳಿ_ಸೊಸೆ:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಕೋಬೇಡಿ. ನಾವು ಬೆಂಗ್ಳೂರಲ್ಲಿ ಹೊರಮಾವು ಕಡೆ ಬಾಡಿಗೆ ಮನೆಗೆ ಬಂದು ಒಂದೂವರೆ ವರ್ಷ ಆಯ್ತು, ಒಂದೇ ಬಿಲ್ಡಿಂಗಲ್ಲಿ ಆರು ಮನೆ, ಓನರ್ ಮೇಲ್ಗಡೆನೇ ಇದಾರೆ, ಒಳ್ಳೆ ಜನನೇ. ನೀರು ಬೋರ್‌ದು, ಬೇಸಿಗೆಲಿ ಬೋರ್ ಕೈ ಕೊಟ್ಟಾಗ ಟ್ಯಾಂಕರ್, ಅದೂ ಬೋರ್ ನೀರೇ ಅಲ್ವಾ, ಎಲ್ಲ ಒಂದೇ ಸಂಪಿಗೆ ಬೀಳುತ್ತೆ. ನಾನು ಹುಟ್ಟಿ ಬೆಳೆದಿದ್ದು ತೀರ್ಥಹಳ್ಳಿ ಹತ್ರ, ಅಲ್ಲಿ ಬಾವಿ ನೀರಲ್ಲಿ ಸೋಪು ಹಚ್ಕೊಂಡ್ರೆ ಎಷ್ಟು ತೊಳೆದ್ರೂ ಮೈ ಜಾರ್ತಾನೇ ಇರುತ್ತೆ, ಇಲ್ಲಿ ಸೋಪು ಉಜ್ಜಿ ಉಜ್ಜಿ ಸವೆದು ಹೋಗುತ್ತೆ ಹೊರತು ನೊರೆ ಅನ್ನೋದು ಬರಲ್ಲ, ಬಕೆಟ್ ಸುತ್ತ ಬೂದಿ ಬಣ್ಣದ ಜಿಡ್ಡು ಕಟ್ಟುತ್ತೆ ಅಷ್ಟೇ.

ಬಂದ ಹೊಸ್ತಲ್ಲಿ ಹೊಂದ್ಕೋತೀವಿ ಬಿಡು ಅಂದ್ಕೊಂಡ್ವಿ. ಆಮೇಲೆ ಒಂದೊಂದಾಗಿ ಶುರುವಾಯ್ತು. ಶವರ್ ತೂತೆಲ್ಲ ಮುಚ್ಚಿ ನೀರು ಪಕ್ಕದ ಗೋಡೆಗೆ ಹಾರುತ್ತೆ. ಸ್ಟೀಲ್ ಲೋಟ ಒಣಗಿದ್ರೆ ಬಿಳಿ ಉಂಗುರ. ಮಗನ ಬಿಳಿ ಯೂನಿಫಾರ್ಮ್ ಈಗ ಯಾವ ಬಣ್ಣ ಅಂತ ಹೇಳೋದು ಕಷ್ಟ. ಗೀಸರ್ ಮೊದಲು ಪಟಪಟ ಅಂತ ಸದ್ದು ಮಾಡ್ತಿತ್ತು, ಒಂದಿನ ಟ್ರಿಪ್ ಆಯ್ತು, ಬಿಚ್ಚಿ ನೋಡಿದ್ರೆ ಕಾಯಿಲ್ ಸುತ್ತ ಸುಣ್ಣದ ಚಿಪ್ಪು, ಕೆಳಗಡೆ ಎರಡು ಬೊಗಸೆ ಪುಡಿ. ಹೊಸದು ಹಾಕಿಸಿ ಹನ್ನೊಂದು ತಿಂಗಳಿಗೆ ಅದೂ ಹೋಯ್ತು, ವಾರಂಟಿ ಕೇಳಿದ್ರೆ ನೀರಿನ ಪ್ರಾಬ್ಲಮ್ ಮೇಡಂ ಕವರ್ ಆಗಲ್ಲ ಅಂದ್ರು. ಅತ್ತೆ ಊರಿಂದ ಬಂದಿದಾರೆ, ತೊಗರಿಬೇಳೆ ಎಂಟು ವಿಷಲ್ ಆದ್ರೂ ಕಾಳುಕಾಳಾಗೇ ಇರುತ್ತೆ, ದಿನಾ "ನಿಮ್ ಬೆಂಗ್ಳೂರಲ್ಲಿ ಬೇಳೆನೂ ಬೇಯಲ್ವಲ್ಲೇ" ಅಂತಾರೆ.

ಈಗ ವಿಷ್ಯಕ್ಕೆ ಬರ್ತೀನಿ. ಹೋದ ಭಾನುವಾರ ಒಬ್ರು ಸೇಲ್ಸ್‌ನವರು ಮನೆಮನೆಗೆ ಬಂದಿದ್ರು. ಟಿಡಿಎಸ್ ಮೀಟರ್ (ನೀರಲ್ಲಿ ಕರಗಿರೋ ಒಟ್ಟು ಉಪ್ಪಿನಂಶ ತೋರ್ಸುತ್ತಂತೆ) ಅದ್ದಿ 940 ತೋರಿಸಿದ್ರು. ಆಮೇಲೆ ಎರಡು ಗ್ಲಾಸಲ್ಲಿ, ಒಂದ್ರಲ್ಲಿ ನಮ್ ನಲ್ಲಿ ನೀರು ಇನ್ನೊಂದ್ರಲ್ಲಿ ಅವರ ಮಷೀನ್ ನೀರು, ಎರಡಕ್ಕೂ ಕಡ್ಡಿ ಇಟ್ಟು ಕರೆಂಟ್ ಕೊಟ್ರು, ನಮ್ ನೀರು ಎರಡು ನಿಮಿಷದಲ್ಲಿ ಚರಂಡಿ ಥರ ಕಂದು ಆಗೋಯ್ತು, ಅವರದ್ದು ಹಾಗೇ ಇತ್ತು. "ಇದನ್ನೇ ಮೇಡಂ ನಿಮ್ ಮಗು ಕುಡೀತಿರೋದು" ಅಂದ್ರು. ಅತ್ತೆ ಅವತ್ತು ರಾತ್ರಿ ಸರಿಯಾಗಿ ಊಟನೇ ಮಾಡ್ಲಿಲ್ಲ. ಸಾಫ್ಟ್‌ನರ್ ಪ್ಲಸ್ ಆರ್‌ಓ ಸೇರಿ 38,000 ಹೇಳ್ತಿದಾರೆ, ತಿಂಗಳ ಕೊನೆವರೆಗೂ ಆಫರ್ ಅಂತೆ. ಬಾಡಿಗೆ ಮನೆಗೆ ಅಷ್ಟು ಹಾಕ್ಬೇಕಾ? ಹಾಕಿದ್ರೆ ಉಪಯೋಗ ಇದ್ಯಾ? ಅನುಭವ ಇರೋರು ಹೇಳಿ ಪ್ಲೀಸ್.

ಪ್ಲಂಬರ್_ಮಗ:

ಅಕ್ಕ, ಮೊದ್ಲು ಅತ್ತೆಗೆ ಊಟ ಮಾಡೋಕೆ ಹೇಳಿ. ಆ ಕಂದು ಬಣ್ಣ ನಿಮ್ ನೀರಿಂದ ಬಂದಿದ್ದಲ್ಲ, ಅವನ ಕಡ್ಡಿಯಿಂದ ಬಂದಿದ್ದು. ಅದ್ರಲ್ಲಿ ಒಂದು ಕಬ್ಬಿಣದ ಕಡ್ಡಿ ಇರುತ್ತೆ, ಕರೆಂಟ್ ಹೋದ್ರೆ ಕಬ್ಬಿಣ ಕರಗಿ ತುಕ್ಕಾಗುತ್ತೆ, ಅದೇ ಕೊಳೆ ಥರ ತೇಲೋದು. ನೀರಲ್ಲಿ ಉಪ್ಪಿನಂಶ ಇದ್ರೆ ಕರೆಂಟ್ ಹರಿಯುತ್ತೆ, ಆರ್‌ಓ ನೀರಲ್ಲಿ ಉಪ್ಪು ತುಂಬ ಕಮ್ಮಿ, ಕರೆಂಟ್ ಅಷ್ಟಾಗಿ ಹರಿಯಲ್ಲ, ಅದಕ್ಕೇ ತಿಳಿ. ಇನ್ನೊಂದ್ಸಲ ಬಂದ್ರೆ ಅವನ ಗ್ಲಾಸಿಗೆ ಚಿಟಿಕೆ ಅಡಿಗೆ ಉಪ್ಪು ಹಾಕಿ ಈಗ ಆನ್ ಮಾಡಪ್ಪ ಅನ್ನಿ, ಮುಖ ನೋಡೋ ಹಾಗಿರುತ್ತೆ. ನಮ್ ಏರಿಯಾದಲ್ಲಿ ನಾನು ಮಾಡಿದೀನಿ, ಗ್ಲಾಸೂ ಬಿಟ್ಟು ಹೋದ.

ಎರಡನೇದು, ಟಿಡಿಎಸ್ ಬೇರೆ ಹಾರ್ಡ್‌ನೆಸ್ ಅಂದ್ರೆ ನೀರಿನ ಗಡಸುತನ ಬೇರೆ, ಎಲ್ರೂ ಎಡವೋದು ಇಲ್ಲೇ. ಟಿಡಿಎಸ್ ಮೀಟರ್ ಅಳೆಯೋದು ನೀರಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅಂತ ಮಾತ್ರ, ಅದಕ್ಕೆ ಎಲ್ಲ ಉಪ್ಪೂ ಒಂದೇ. ಗೀಸರ್ ತಿನ್ನೋದು, ಸೋಪಿನ ನೊರೆ ಮುರಿಯೋದು ಕ್ಯಾಲ್ಸಿಯಂ ಮೆಗ್ನೀಸಿಯಂ ಮಾತ್ರ. ಸಾಫ್ಟ್‌ನರ್ ಹಾಕಿದ್ಮೇಲೆ ಅದೇ ಮೀಟರ್ ಅದ್ದಿ ನೋಡಿ, 940 ಇದ್ದಿದ್ದು ಹೆಚ್ಚುಕಡಿಮೆ ಅಷ್ಟೇ ತೋರ್ಸುತ್ತೆ, ಯಾಕಂದ್ರೆ ಸಾಫ್ಟ್‌ನರ್ ಏನನ್ನೂ ತೆಗೆಯಲ್ಲ, ಬದಲಾಯಿಸುತ್ತೆ, ಕ್ಯಾಲ್ಸಿಯಂ ಇಟ್ಕೊಂಡು ಸೋಡಿಯಂ ಬಿಡುತ್ತೆ.

ಹಾರ್ಡ್‌ನೆಸ್ ನೋಡ್ಬೇಕಂದ್ರೆ ಲ್ಯಾಬಿಗೆ ಕೊಡ್ಬೋದು, ಇಲ್ಲ ಅಂದ್ರೆ ಅಕ್ವೇರಿಯಂ ಮೀನಿನ ಅಂಗಡಿಗೆ ಹೋಗಿ ಜಿಎಚ್ ಕಿಟ್ (ಗಡಸುತನ ನೋಡೋ ಕಿಟ್) ಕೇಳಿ, ಮೀನು ಸಾಕೋರು ಅದ್ರಲ್ಲೇ ನೋಡೋದು. ಸಣ್ಣ ಟ್ಯೂಬಲ್ಲಿ 5 ಎಂಎಲ್ ನೀರು ತಗೊಂಡು ಒಂದೊಂದೇ ಹನಿ ಹಾಕಿ ಅಲ್ಲಾಡಿಸ್ತಾ ಹೋಗೋದು, ಬಣ್ಣ ಬದಲಾಗೋವರೆಗೂ ಎಷ್ಟು ಹನಿ ಆಯ್ತೋ ಅದನ್ನ 17.8ರಿಂದ ಗುಣಿಸಿದ್ರೆ ಒಂದು ಲೀಟರಿಗೆ ಎಷ್ಟು ಮಿಲಿಗ್ರಾಂ ಅಂತ ಸಿಗುತ್ತೆ. ಕುಡಿಯೋ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಲೆಕ್ಕದಲ್ಲಿ 200ರ ಒಳಗಿರ್ಬೇಕು, ಬೇರೆ ಮೂಲನೇ ಇಲ್ಲ ಅಂದ್ರೆ 600ರವರೆಗೆ ಒಪ್ಕೋತಾರೆ. ಮೊದ್ಲು ಅಳೀರಿ, ಆಮೇಲೆ ಮಷೀನ್ ಮಾತು.

ತೀರ್ಥಳ್ಳಿ_ಸೊಸೆ:

ಅಯ್ಯೋ ದೇವ್ರೇ, ಕಡ್ಡಿನಾ! ಅತ್ತೆಗೆ ಓದಿ ಹೇಳಿದೆ, ನಗ್ತಿದಾರೆ, "ಅವನ ಮನೆ ಹಾಳಾಗ" ಅಂದ್ರು. ಕಿಟ್ ನಾಳೆ ತರ್ತೀನಿ. ಅಲ್ಲಿವರೆಗೆ ಶವರ್‌ಗೆ ಆಸಿಡ್ ಹಾಕಿ ತೊಳೀಬೋದಾ? ಪಕ್ಕದ ಮನೆಯವರು ಹಾಗೇ ಮಾಡ್ತಾರೆ.

ಪ್ಲಂಬರ್_ಮಗ:

ಬೇಡ ಬೇಡ. ಆಸಿಡ್ ಹಾಕಿದ್ರೆ ನಲ್ಲಿ ಮೇಲಿನ ಪಾಲಿಶ್ ಎದ್ದು ಹೋಗುತ್ತೆ, ಆಮೇಲೆ ಕಲೆ ಇನ್ನೂ ಬೇಗ ಹಿಡಿಯುತ್ತೆ. ಆಸಿಡ್ ಬ್ಲೀಚಿಂಗ್ ಪೌಡರ್ ಎರಡೂ ಒಂದೇ ಕಡೆ ಬಿದ್ರಂತೂ ಕ್ಲೋರಿನ್ ಗ್ಯಾಸ್ ಬರುತ್ತೆ, ಬಾಗ್ಲು ಮುಚ್ಚಿದ ಬಾತ್‌ರೂಮಲ್ಲಿ ಉಸಿರು ಕಟ್ಟುತ್ತೆ, ಹುಡುಗಾಟ ಅಲ್ಲ ಅದು. ಕಿರಾಣಿ ಅಂಗಡಿಲಿ ನಿಂಬೆ ಉಪ್ಪು ಸಿಗುತ್ತಲ್ಲ, ಎರಡು ಚಮಚ ಬಿಸಿ ನೀರಿಗೆ ಹಾಕಿ ಪ್ಲಾಸ್ಟಿಕ್ ಕವರಲ್ಲಿ ತುಂಬಿ ಶವರ್ ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ, ರಾತ್ರಿ ಪೂರ್ತಿ ಬಿಡಿ, ಬೆಳಿಗ್ಗೆ ಹಳೇ ಟೂತ್‌ಬ್ರಷಲ್ಲಿ ಉಜ್ಜಿದ್ರೆ ಸಾಕು. ಅಡಿಗೆ ಮನೆ ಕಟ್ಟೆ ಕಡಪ ಕಲ್ಲಾಗಿದ್ರೆ ಅದರ ಮೇಲೆ ಚೆಲ್ಬೇಡಿ, ಕಡಪನೂ ಸುಣ್ಣದ ಕಲ್ಲೇ, ಹುಳಿ ಬಿದ್ರೆ ಮಂಕಾಗುತ್ತೆ.

ಗೀಸರ್ ಟೆಂಪರೇಚರ್ ಎಷ್ಟಕ್ಕಿಟ್ಟಿದೀರ? ತುಂಬ ಜನ 70, 75ಕ್ಕಿಟ್ಟು ತಣ್ಣೀರು ಬೆರೆಸ್ಕೋತಾರೆ. ನೀರು ಜಾಸ್ತಿ ಕಾದಷ್ಟೂ ಸುಣ್ಣ ಜಾಸ್ತಿ ಕಟ್ಟುತ್ತೆ. 50-55ಕ್ಕಿಟ್ಟು, ಬೇಕಾದಷ್ಟೇ ತಣ್ಣೀರು ಬೆರೆಸ್ಕೊಂಡು ಸ್ನಾನ ಮಾಡಿ. ಆರು ತಿಂಗಳಿಗೊಂದ್ಸಲ ಬಿಚ್ಚಿಸಿ ಕಾಯಿಲ್ ಕ್ಲೀನ್ ಮಾಡ್ಸಿ, ಒಳಗಡೆ ಒಂದು ಮೆಗ್ನೀಸಿಯಂ ರಾಡ್ ಇರುತ್ತೆ, ಟ್ಯಾಂಕ್ ಬದಲು ಅದು ಸವೆಯೋಕೆ ಅಂತಾನೇ ಇಟ್ಟಿರೋದು, ಅದು ಮುಗಿದಿದ್ರೆ ಬದಲಾಯಿಸ್ಬೇಕು. ಬರೋ ಮೆಕ್ಯಾನಿಕ್ಕು ಅದನ್ನ ನೋಡೋದೇ ಇಲ್ಲ, ನೀವೇ ಕೇಳ್ಬೇಕು.

ಸಂಪ್_ಮಾಮ:

ನಾನು ಈ ಊರಲ್ಲಿ ಹುಟ್ಟಿದವನು, ವಯಸ್ಸು ಕೇಳ್ಬೇಡಿ. ನಮ್ ಚಿಕ್ಕಂದಿನಲ್ಲಿ ಹಳೇ ಬಡಾವಣೆಗಳಿಗೆ ನಲ್ಲಿಲಿ ಬರ್ತಿದ್ದಿದ್ದು ತಿಪ್ಪಗೊಂಡನಹಳ್ಳಿ ಜಲಾಶಯದ ನೀರು, ಆಮೇಲೆ 1974ರಲ್ಲಿ ಕಾವೇರಿ ಕುಡಿಯೋ ನೀರಿನ ಯೋಜನೆಯ ಒಂದನೇ ಹಂತ ಬಂತು. ಹೊರಮಾವು, ವೈಟ್‌ಫೀಲ್ಡ್, ವರ್ತೂರು ಕಡೆಯವರಿಗೆ ಆ ಭಾಗ್ಯ ಇರ್ಲಿಲ್ಲ, ಅವೆಲ್ಲ ಆಗ ಹಳ್ಳಿ, ಕೆರೆ ಬಾವಿ ಇತ್ತು ನಡೀತಿತ್ತು. 2007ರಲ್ಲಿ 110 ಹಳ್ಳಿ ಪಾಲಿಕೆಗೆ ಸೇರಿಸಿದ್ರು, ಅಪಾರ್ಟ್‌ಮೆಂಟ್ ಮೊದಲು ಬಂತು ಪೈಪ್ ಆಮೇಲೆ ಬಂತು. ಮಧ್ಯದಲ್ಲಿ ಎಲ್ರೂ ಮಾಡಿದ್ದು ಒಂದೇ, ಬೋರ್ ಕೊರೆಸೋದು. 300 ಅಡಿಗೆ ಸಿಗ್ತಿದ್ದ ನೀರಿಗೆ ಈಗ ಸಾವಿರ ದಾಟ್ಬೇಕು.

ನೀರು ಗಡಸಾಗೋಕೂ ಅದಕ್ಕೂ ಸಂಬಂಧ ಇದೆ. ಮಳೆ ನೀರು ಬೀಳುವಾಗ ಮೆತ್ತಗೇ ಇರುತ್ತೆ. ಮಣ್ಣಲ್ಲಿ ಇಳಿವಾಗ ಅಲ್ಲಿರೋ ಕಾರ್ಬನ್ ಡೈಆಕ್ಸೈಡ್ ಸೇರಿ ಸ್ವಲ್ಪ ಹುಳಿ ಆಗುತ್ತೆ, ಆ ಹುಳಿ ನೀರು ಕಲ್ಲಿನ ಸೀಳಲ್ಲಿ ವರ್ಷಗಟ್ಲೆ ಕೂತು ಕಲ್ಲನ್ನೇ ಕರಗಿಸ್ಕೊಳ್ಳುತ್ತೆ. ಕಾಯಿಸಿದಾಗ ಆ ಗ್ಯಾಸ್ ಹಾರಿ ಹೋಗಿ ಕರಗಿದ್ದ ಕಲ್ಲು ವಾಪಸ್ ಕಲ್ಲಾಗುತ್ತೆ, ನಿಮ್ ಗೀಸರ್ ಒಳಗೆ. ನಮ್ಮಜ್ಜಿ ತಾಮ್ರದ ಹಂಡೆ ಒಳಗಿನ ಸುಣ್ಣ ವರ್ಷಕ್ಕೊಂದ್ಸಲ ಹುಣಸೆಹಣ್ಣು ಹಾಕಿ ಕೆರೆಯೋರು, ಹಂಡೆ ಆಗಿದ್ರಿಂದ ಕೈ ಒಳಗೆ ಹೋಗ್ತಿತ್ತು, ಗೀಸರ್ ಒಳಗೆ ಯಾರ್ ಕೈ ಹೋಗುತ್ತೆ.

ನೀವು ಮೊದ್ಲು ಮಾಡ್ಬೇಕಾಗಿರೋದು ಓನರ್ ಹತ್ರ ಮಾತಾಡೋದು. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆ ಆಯ್ತಲ್ಲ, ದಿನಕ್ಕೆ 775 ದಶಲಕ್ಷ ಲೀಟರ್, ಅದು ಆ 110 ಹಳ್ಳಿಗೆ ಅಂತಾನೇ ತಂದಿದ್ದು. ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ಅಂತ ಹಂತಹಂತವಾಗಿ ಪಂಪ್ ಮಾಡಿ ಸುಮಾರು 100 ಕಿಲೋಮೀಟರ್ ತರ್ತಾರೆ. ನಿಮ್ ರೋಡಲ್ಲಿ ಪೈಪ್ ಇದ್ದು ಓನರ್ ಕನೆಕ್ಷನ್ ತಗೊಂಡಿಲ್ಲ ಅಂದ್ರೆ ಬಹುಶಃ ಕಟ್ಬೇಕಾದ ದುಡ್ಡು ನೋಡಿ ಹಿಂಜರಿದಿರ್ತಾರೆ, ಬೋರ್ ಇದ್ಯಲ್ಲ ಬಿಡು ಅಂತ. ತುಂಬ ಕಡೆ ಇದೇ ಕಥೆ.

ಕನೆಕ್ಷನ್ ಬಂದ್ಮೇಲೂ ಒಂದು ತಪ್ಪು ಮಾಡ್ಬೇಡಿ, ನಮ್ ಲೇಔಟಲ್ಲಿ ಎಲ್ರೂ ಮಾಡಿದ ತಪ್ಪು. ಕಾವೇರಿ ಪೈಪನ್ನ ಬೋರ್ ಇರೋ ಸಂಪಿಗೇ ಬಿಟ್ರು. ಹಾಲಿಗೆ ನೀರು ಬೆರ್ಸಿದ್ಹಾಗೆ, ಹಾಲೂ ಇಲ್ಲ ನೀರೂ ಇಲ್ಲ. ವಾರಕ್ಕೆ ಎರಡು ದಿನ ಬಂದ್ರೂ ಪರವಾಗಿಲ್ಲ, ಕಾವೇರಿಗೆ ಬೇರೆ ಸಣ್ಣ ಟ್ಯಾಂಕ್ ಇಡ್ಸಿ, ಅಲ್ಲಿಂದ ಅಡಿಗೆ ಮನೆಗೆ ಮಾತ್ರ ಒಂದು ಲೈನ್ ಇಳ್ಸಿ. ಕಕ್ಕಸಿಗೆ, ಬಾಲ್ಕನಿ ತೊಳೆಯೋಕೆ ಬೋರ್ ನೀರೇ ಧಾರಾಳ ಆಯ್ತು.

ಗದಗಿನ_ಗಾಳಿ:

ಅಕ್ಕಾರ, ನಿಮ್ಮ ಬ್ಯಾಳಿ ಕಥಿ ಓದಿ ನಮ್ಮ ಊರು ನೆನಪಾತು ನೋಡ್ರಿ. ನಮ್ಮ ಕಡೆ ಇದಕ್ಕ ಸವಳ ನೀರು ಅಂತೀವಿ. ಎರಿ ಹೊಲದ ಸೀಮಿ, ಬಾವಿ ತೋಡಿದ್ರೂ ಉಪ್ಪು, ಬೋರ್ ಹೊಡದ್ರೂ ಉಪ್ಪು, ಅದಕ್ಕ ನವಲಗುಂದ, ನರಗುಂದ, ರೋಣ ಕಡೆ ಮಂದಿ ಮೊದಲಿಂದಾನೂ ಕುಡಿಯಾಕ ಕೆರಿ ನೀರ ತರ್ತಿದ್ರು, ಮಳಿ ನೀರ ಕೆರ್‍ಯಾಗ ಕೂಡಿಸಿ ಇಟಗೊಂಡು ವರ್ಷಾನಗಟ್ಲೆ ಅದನ್ನ ಕುಡಿಯೋದು. ಬಟ್ಟಿ ಒಗ್ಯಾಕ ಒಂದ ನೀರು, ಅಡಗಿಗೆ ಒಂದ ನೀರು, ಕೊಡಾನೂ ಬ್ಯಾರೆ ಬ್ಯಾರೆ. ನಮ್ಮವ್ವ ಯಾರರ ಮನಿಗೆ ಹೋಗಿ ಚಾ ಕುಡುದ್ರ ಸಾಕು, ಇದು ಕೆರಿ ನೀರಂದೋ ಬೋರಿಂದೋ ಹೇಳತಿದ್ಲು. ಗಡಸ ನೀರಿನ ಚಾದ ಮ್ಯಾಲೆ ಎಣ್ಣಿ ಪಸಿಗತೆ ಒಂದು ಕೆನಿ ಬರತೈತಲ್ರಿ, ಅದ ಗುರುತು.

ಬ್ಯಾಳಿಗೆ ಉಪಾಯ ಹೇಳ್ತೀನಿ. ಕಾಯಿಸಿ ಆರಿಸಿ ಮ್ಯಾಲಿನ ತಿಳಿ ನೀರ ಅಷ್ಟ ಬಗ್ಗಿಸಿಕೊಳ್ರಿ, ಬಿಳಿ ಗಷ್ಟ ತಳದಾಗ ಉಳೀತೈತಿ. ಒಂದ ತಾಸು ಬ್ಯಾಳಿ ನೆನಿ ಇಡ್ರಿ, ಭಾಳ ಅಂದ್ರ ಚೂರ ಸೋಡಾ. ಉಪ್ಪು ಹುಣಸಿ ಬೆಂದ ಮ್ಯಾಲೆ ಹಾಕ್ರಿ. ಬ್ಯಾಳಿಯೊಳಗಿನ ಅಂಟಿಗೆ ಕ್ಯಾಲ್ಸಿಯಂ ಹಿಡಕೊಂಡ್ರ ಅದು ಸಡಿಲ ಆಗಂಗಿಲ್ಲ, ಅದಕ್ಕ ಬೇಯಂಗಿಲ್ಲ. ಅತ್ತಿಯವರಿಗೆ ಹೇಳ್ರಿ, ತಪ್ಪು ಸೊಸಿದೂ ಅಲ್ಲ ಕುಕ್ಕರ್‌ದೂ ಅಲ್ಲ.

ಬೋಳುತಲೆ_ಸಂಘ:

ಕೂದಲು ಉದುರೋದಕ್ಕೂ ಇದೇ ನೀರು ಕಾರಣ ಅಲ್ವಾ? ನಾನು ಬೆಂಗಳೂರಿಗೆ ಬಂದ್ಮೇಲೇ ಹೋಗಿದ್ದು. ಕಿಡ್ನಿ ಸ್ಟೋನೂ ಇದ್ರಿಂದಾನೇ ಅಂತಾರೆ.

ಪ್ಲಂಬರ್_ಮಗ:

ಅಣ್ಣ ನಿಮ್ಮಪ್ಪನ ಫೋಟೋ ಒಂದ್ಸಲ ನೋಡಿ ಹೇಳಿ 😄 ಗಡಸು ನೀರಲ್ಲಿ ಕೂದಲು ಒರಟಾಗುತ್ತೆ, ಸಿಕ್ಕಾಗುತ್ತೆ, ಶಾಂಪೂ ಪೂರ್ತಿ ಹೋಗದೇ ಅಂಟಂಟಾಗುತ್ತೆ, ಅಷ್ಟು ನಿಜ. ಬುಡದಿಂದ ಉದುರಿಸುತ್ತೆ ಅನ್ನೋಕೆ ಗಟ್ಟಿ ಸಾಕ್ಷಿ ಇಲ್ಲ. ಕಿಡ್ನಿ ಸ್ಟೋನ್ ವಿಷ್ಯನೂ ಹಾಗೇ, ಗಡಸು ನೀರಿಂದ ಆರೋಗ್ಯ ಕೆಡುತ್ತೆ ಅನ್ನೋದಕ್ಕೆ ಒಪ್ಪೋವಂಥ ಪುರಾವೆ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆನೇ ಹೇಳುತ್ತೆ. ನೀರು ಕಮ್ಮಿ ಕುಡಿಯೋದೇ ಕಲ್ಲಿಗೆ ದೊಡ್ಡ ದಾರಿ. ಬೋರ್ ನೀರಲ್ಲಿ ಹೆದರ್ಬೇಕಾಗಿರೋದು ಬೇರೆ, ಫ್ಲೋರೈಡ್ ಮತ್ತೆ ನೈಟ್ರೇಟ್. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆ ಹಲ್ಲಿನ ಕಲೆ ನೋಡಿದ್ರೆ ಗೊತ್ತಾಗುತ್ತಲ್ಲ. ಅವು ನೀರಿಗೆ ರುಚಿನೂ ಕೊಡಲ್ಲ, ನಲ್ಲಿಗೆ ಬಿಳಿನೂ ಕಟ್ಟಲ್ಲ, ಕಾಯಿಸಿದ್ರೂ ಹೋಗಲ್ಲ, ಸಾಫ್ಟ್‌ನರ್ ಹಾಕಿದ್ರೂ ಹೋಗಲ್ಲ. ಲ್ಯಾಬಿಗೆ ಕೊಡೋದಾದ್ರೆ ಅವೆರಡನ್ನೂ ನೋಡಿ ಅಂತ ಬರೆಸಿ.

ಬೇಸಿಂಗ್‌ಸ್ಟೋಕ್_ಕನ್ನಡಿಗ:

ಇಂಗ್ಲೆಂಡಿಂದ ಒಂದು ಮಾತು. ಇಲ್ಲಿ ದಕ್ಷಿಣದಲ್ಲಿ ನೀರು ಬರೋದೇ ಸೀಮೆಸುಣ್ಣದ ಬಂಡೆಯಿಂದ, ಮನೆ ನಲ್ಲಿಲೇ ಗಡಸು ನೀರು. ಕೆಟಲ್ ತಳದಲ್ಲಿ ಚಿಪ್ಪು, ಚಹಾದ ಮೇಲೆ ಗದಗಿನವರು ಹೇಳಿದ್ರಲ್ಲ ಅದೇ ಕೆನೆ. ಜನ ತಲೆ ಕೆಡಿಸ್ಕೊಳ್ಳಲ್ಲ, ನಲ್ಲಿ ನೀರೇ ಕುಡೀತಾರೆ, ಕೆಟಲಿಗೆ ತಿಂಗಳಿಗೊಂದ್ಸಲ ವಿನೆಗರ್. ಡಿಶ್‌ವಾಷರ್‌ಗೆ ಮಾತ್ರ ಕಡ್ಡಾಯವಾಗಿ ಉಪ್ಪು ಹಾಕ್ತೀವಿ, ಅದರೊಳಗೇ ಒಂದು ಸಣ್ಣ ಸಾಫ್ಟ್‌ನರ್ ಇರುತ್ತೆ. ಸ್ಕಾಟ್ಲೆಂಡಿಗೆ ಹೋದಾಗ ಸ್ನಾನ ಮಾಡಿ ಆಶ್ಚರ್ಯ ಆಯ್ತು, ಥೇಟ್ ತೀರ್ಥಹಳ್ಳಿ ಅವ್ರು ಹೇಳಿದ ಜಾರಿಕೆ.

ತೀರ್ಥಳ್ಳಿ_ಸೊಸೆ:

ಕಿಟ್ ಬಂತು! ಮಗ ಹನಿ ಎಣಿಸ್ದ, ಹೋಮ್‌ವರ್ಕಿಗಿಂತ ಶ್ರದ್ಧೆಯಿಂದ. ನಮ್ ನಲ್ಲಿ ನೀರಿಗೆ 27 ಹನಿ, ಅಂದ್ರೆ 480. ಇಲ್ಲೇ ಆಚೆ ರೋಡಲ್ಲಿ ಗೆಳತಿ ಮನೆಗೆ ಕಾವೇರಿ ಬರುತ್ತೆ, ಬಾಟಲಲ್ಲಿ ತಂದು ನೋಡಿದ್ವಿ, 6 ಹನಿ. ಅತ್ತೆ ನಂಬಲಿಲ್ಲ, ಇನ್ನೊಂದ್ಸಲ ಮಾಡ್ಸಿದ್ರು, ಮತ್ತೆ 6. ಒಂದೇ ಏರಿಯಾದಲ್ಲಿ ಎರಡು ಬೇರೆ ಬೇರೆ ಊರು ಇದ್ದ ಹಾಗಿದೆ. ಹಾಗಾದ್ರೆ 480ಕ್ಕೆ ಸಾಫ್ಟ್‌ನರ್ ಲೆಕ್ಕ ಹೇಗೆ? ಆ ಸೇಲ್ಸ್‌ನವರು 25 ಲೀಟರ್ ರೆಸಿನ್ (ಸಾಫ್ಟ್‌ನರ್ ಒಳಗೆ ಗಡಸು ಹಿಡಿಯೋ ಸಣ್ಣ ಮಣಿಗಳಂತೆ) ಅಂದಿದ್ರು, ಮೇಂಟೆನೆನ್ಸ್ ಏನೂ ಇಲ್ಲ ಅಂತ.

ಪ್ಲಂಬರ್_ಮಗ:

ಮೇಂಟೆನೆನ್ಸ್ ಇಲ್ಲ ಅಂದ್ನಾ, ಭೇಷ್. ರೆಸಿನ್ ಒಂದು ಲೀಟರ್ ಇದ್ರೆ ಅಂದಾಜು 50 ಗ್ರಾಂ ಗಡಸು ಹಿಡ್ಕೊಳ್ಳುತ್ತೆ, 25 ಲೀಟರ್ ಅಂದ್ರೆ 1,250 ಗ್ರಾಂ. ನಿಮ್ ನೀರಲ್ಲಿ ಲೀಟರಿಗೆ ಅರ್ಧ ಗ್ರಾಂ ಹತ್ರ ಇದೆ, ಅಲ್ಲಿಗೆ 2,600 ಲೀಟರ್‌ಗೆ ರೆಸಿನ್ ತುಂಬಿ ಹೋಯ್ತು. ಮನೆಗೆ ದಿನಕ್ಕೆ 500 ಲೀಟರ್ ಬಳಸ್ತೀರಾ ಅಂದ್ರೆ ಐದು ದಿನಕ್ಕೊಂದ್ಸಲ ಉಪ್ಪು ನೀರು ಬಿಟ್ಟು ತೊಳೀಬೇಕು, ಪ್ರತಿ ಸಲ ಮೂರು ಕೆಜಿ ಉಪ್ಪು, ತಿಂಗಳಿಗೆ 18 ಕೆಜಿ. ಆ ತೊಳೆದ ಉಪ್ಪುನೀರು ಗಿಡಕ್ಕೆ ಬಿಟ್ರೆ ಗಿಡ ಸಾಯುತ್ತೆ, ಇಂಗುಗುಂಡಿಗೆ ಬಿಟ್ರೆ ಬೋರ್‌ಗೇ ವಾಪಸ್, ಚರಂಡಿಗೇ ಬಿಡ್ಬೇಕು. ಮರೆತ್ರೆ ಆರನೇ ದಿನದಿಂದ ಹಳೇ ನೀರೇ ಬರುತ್ತೆ, ಯಾರಿಗೂ ಗೊತ್ತೇ ಆಗಲ್ಲ, ನಾನು ನೋಡಿರೋ ಮನೆಗಳಲ್ಲಿ ಅರ್ಧಕ್ಕರ್ಧ ಹೀಗೇ ಶೋಕೇಸ್ ಆಗಿ ನಿಂತಿವೆ.

ಇನ್ನೊಂದು, 480 ಪೂರ್ತಿ ಬದಲಾದ್ರೆ ಲೀಟರಿಗೆ 220 ಮಿಲಿಗ್ರಾಂ ಸೋಡಿಯಂ ಸೇರುತ್ತೆ. ಸ್ನಾನಕ್ಕೆ ಬಟ್ಟೆಗೆ ತೊಂದ್ರೆ ಇಲ್ಲ. ಅತ್ತೆಗೆ ಬಿಪಿ ಇದ್ರೆ ಕುಡಿಯೋಕೆ ಅಡಿಗೆಗೆ ಅದನ್ನ ಬಳಸ್ಬೇಡಿ. ಸ್ವಂತ ಮನೆ ಆಗಿದ್ರೆ, ಬೇರೆ ದಾರಿನೇ ಇಲ್ದಿದ್ರೆ, ಬಾತ್‌ರೂಮ್ ಲೈನಿಗೆ ಹಾಕಿಸಿ ಅಂತಿದ್ದೆ. ಬಾಡಿಗೆ ಮನೆಗೆ ನಾನಂತೂ ಹಾಕ್ಸಲ್ಲ. ಪೈಪಿಗೆ ಅಯಸ್ಕಾಂತ ಕಟ್ಟೋದು ಅಂತ ಇನ್ನೊಬ್ಬ ಬರ್ತಾನೆ ನೋಡ್ತಿರಿ, ಅವನ ಮುಂದೆನೂ ಹನಿ ಎಣಿಸಿ, ಕಟ್ಟೋಕೆ ಮುಂಚೆ 27, ಕಟ್ಟಿದ್ಮೇಲೂ 27.

ಸಂಪ್_ಮಾಮ:

ಮಳೆ ನೀರು ಯಾರೂ ಹೇಳ್ಲಿಲ್ವಲ್ಲ. 30 ಅಡಿಗೆ 40 ಅಡಿ ಸೈಟಿನ ತಾರಸಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ರೆ 1,100 ಲೀಟರ್, ಸೋರಿ ಹೋಗಿದ್ದು ಬಿಟ್ರೂ 900 ಕೈಗೆ ಸಿಗುತ್ತೆ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಬೀಳುತ್ತೆ. 2009ರಿಂದ ಕಾನೂನೇ ಇದೆ ಮಳೆ ಕೊಯ್ಲು ಮಾಡ್ಲೇಬೇಕು ಅಂತ, ಜಯನಗರ ಐದನೇ ಬ್ಲಾಕಲ್ಲಿ ಇದನ್ನ ತೋರ್ಸೋಕೆ ಅಂತಾನೇ ಒಂದು ಥೀಮ್ ಪಾರ್ಕ್ ಇದೆ, ಮಗನ್ನ ಕರ್ಕೊಂಡು ಹೋಗಿ. ನಿಮ್ ಬಿಲ್ಡಿಂಗ್ ತಾರಸಿ ಪೈಪ್ ಎಲ್ಲಿಗೆ ಬಿಟ್ಟಿದಾರೆ ನೋಡಿ, ರೋಡಿಗೆ ತಾನೆ?

ತೀರ್ಥಳ್ಳಿ_ಸೊಸೆ:

ರೋಡಿಗೇ, ಮಾಮ. ಹೇಗೆ ಗೊತ್ತಾಯ್ತು!

ಅಪ್‌ಡೇಟ್ ಕೊಡ್ತೀನಿ ಅಂದಿದ್ದೆ, ಮೂರು ವಾರ ಆಯ್ತು. ಸಾಫ್ಟ್‌ನರ್ ಕ್ಯಾನ್ಸಲ್. ಓನರ್ ಹತ್ರ ಟ್ಯೂಬ್ ತಗೊಂಡು ಹೋಗಿ ಅವರ ಮುಂದೆನೇ ಹನಿ ಹಾಕಿ ತೋರಿಸ್ದೆ, ಬಾಯಲ್ಲಿ ಹೇಳಿದ್ರೆ ಕೇಳ್ತಿರ್ಲಿಲ್ಲ ಅನ್ಸುತ್ತೆ, ಅವರ ಸೋಲಾರ್ ಟ್ಯೂಬೂ ಕಟ್ಕೊಂಡು ಎರಡು ಸಲ ರಿಪೇರಿ ಆಗಿತ್ತಂತೆ, ನೀರಿಂದ ಅಂತ ಅವರಿಗೂ ಹೊಳೆದಿರ್ಲಿಲ್ಲ. ಕಾವೇರಿಗೆ ಅರ್ಜಿ ಹಾಕಿದಾರೆ. ಬೇರೆ ಟ್ಯಾಂಕ್ ವಿಷ್ಯ ಹೇಳಿದ್ದಕ್ಕೆ "ನೋಡೋಣಮ್ಮ" ಅಂದ್ರು, ಆ ನೋಡೋಣ ಯಾವ ಥರದ್ದು ಅಂತ ಇನ್ನೂ ಗೊತ್ತಾಗಿಲ್ಲ. ಆರು ಮನೆಯವರೂ ಸೇರಿ ಕೇಳೋಣ ಅಂದ್ರೆ ಎರಡು ಮನೆಯವರು ಆಗ್ಲೇ ಸಾಫ್ಟ್‌ನರ್ ಬುಕ್ ಮಾಡಿದಾರಂತೆ, ಅದೇ ಸೇಲ್ಸ್‌ನವರ ಹತ್ರ. ಕಡ್ಡಿ ವಿಷ್ಯ ಹೇಳಿದೆ, ಅಡ್ವಾನ್ಸ್ ಕೊಟ್ಬಿಟ್ಟಿದೀವಿ ಅಂದ್ರು.

ಗೀಸರ್ 55ಕ್ಕಿಟ್ಟಿದೀನಿ, ಸದ್ಯಕ್ಕೆ ಸದ್ದಿಲ್ಲ. ಶವರ್ ನೇರಕ್ಕೆ ಬೀಳ್ತಿದೆ.

ಮೊನ್ನೆ ಸಂಜೆ ಜೋರು ಮಳೆ ಬಂತಲ್ಲ, ಅತ್ತೆ ತಾರಸಿಗೆ ಹೋಗಿ ಪೈಪ್ ಬಾಯಿಗೆ ಪಂಚೆ ಕಟ್ಟಿ, ಮೊದಲ ಹತ್ತು ನಿಮಿಷದ ನೀರು ಬಿಟ್ಟು, ಎರಡು ಡ್ರಮ್ ತುಂಬಿಸಿದಾರೆ, ಓನರ್ ಹೆಂಡ್ತಿನೂ ಕೊಡೆ ಹಿಡ್ಕೊಂಡು ಬಂದು ಒಂದು ಬಕೆಟ್ ತಗೊಂಡ್ರಂತೆ. ಮಗ ಟ್ಯೂಬಲ್ಲಿ ಹಾಕಿ ನೋಡಿದ, ಒಂದೇ ಹನಿಗೆ ಬಣ್ಣ ಬದಲಾಯ್ತು. ತಲೆ ಸ್ನಾನಕ್ಕೆ, ಬಿಳಿ ಬಟ್ಟೆಗೆ ಅದೇ. ಸ್ವಲ್ಪ ಕುದಿಸಿ ಬೇಳೆಗೂ ಹಾಕಿದ್ರು.

ಗದಗಿನ_ಗಾಳಿ:

ಎಷ್ಟ ವಿಷಲ್‌ರಿ?

ತೀರ್ಥಳ್ಳಿ_ಸೊಸೆ:

ಮೂರು. ಮೂರಕ್ಕೇ ಹಿಟ್ಟಾಗಿತ್ತು, ಈಗ ಸಾರು ಗಟ್ಟಿ ಆಯ್ತು ಅಂತ ಬೈಸ್ಕೊಂಡೆ.